ಅಮ್ಮನನ್ನೇ ಕಾಣದ ಮರಿಗೆ ಅಮ್ಮನ ಬುತ್ತಿ

ಅಜ್ಜಿಮನೆಯ ಹಿತ್ತಲಲ್ಲಿ ನಾಟಿ ಕೋಳಿ ಮರಿ ಮಾಡಿದ್ದನ್ನು ನೋಡಿದ್ದೀರಾ? 21 ದಿನ ಬುಟ್ಟಿಯಲ್ಲಿ ಕಾವು ಕೂತ ಹೇಂಟೆ, ಹತ್ತೋ ಹನ್ನೆರಡೋ ಮರಿಗಳನ್ನು ಕಟ್ಟಿಕೊಂಡು ಮೊದಲ ಸಲ ಅಂಗಳಕ್ಕೆ ಇಳಿಯುತ್ತದೆ. ನೇರ ತಿಪ್ಪೆಗೆ. ಎರಡೂ ಕಾಲಲ್ಲಿ ಕೆದಕಿ, "ಕೊಕ್ ಕೊಕ್" ಅಂತ ಕರೆಯುತ್ತದೆ. ಅಮ್ಮ ಎಲ್ಲಿ ಕುಕ್ಕುತ್ತದೋ ಮರಿಗಳೂ ಅಲ್ಲೇ ಕುಕ್ಕುತ್ತವೆ. ಕಾಳು, ಹುಳ, ಮಣ್ಣು, ಕೊನೆಗೆ ಅಮ್ಮನ ಹಿಕ್ಕೆಯನ್ನೂ!

ಬೇಸಿಗೆ ರಜೆಗೆ ಬೆಂಗಳೂರಿಂದ ಹೋದ ಮಕ್ಕಳು ಇದನ್ನು ನೋಡಿ "ಛೀ!" ಅಂದರೆ, ಅಜ್ಜಿ ತಲೆ ಎತ್ತದೆ "ಏನೂ ಆಗಲ್ಲ ಬಿಡು, ಅವು ಹಂಗೇ ಬೆಳಿಯೋದು" ಅನ್ನುತ್ತಾರೆ.

ಅಜ್ಜಿಯ ಈ ಮಾತಿನ ಹಿಂದಿದ್ದ ವಿಜ್ಞಾನ ಜಗತ್ತಿಗೆ ಗೊತ್ತಾಗಿದ್ದು 1973ರಲ್ಲಿ. ಅದೂ ನಮ್ಮ ಯಾವ ಹಿತ್ತಲಲ್ಲೂ ಅಲ್ಲ, ವರ್ಷದ ಅರ್ಧ ಭಾಗ ಹಿಮ ಹೊದ್ದುಕೊಳ್ಳುವ ಫಿನ್ಲೆಂಡಿನಲ್ಲಿ. ಗೊತ್ತುಮಾಡಿಕೊಂಡವರು ಎಸ್ಕೊ ನುರ್ಮಿ ಅನ್ನುವ ವಿಜ್ಞಾನಿ. ಅವರು ಕೇಳಿಕೊಂಡ ಪ್ರಶ್ನೆ ಬಹಳ ಸರಳ. ಒಂದೇ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ, ಒಂದೇ ಜಾತಿಯ ಹಕ್ಕಿ. ದೊಡ್ಡ ಕೋಳಿಯ ಹೊಟ್ಟೆಯಲ್ಲಿ ಅದಕ್ಕೆ ನೆಲೆ ಸಿಗುವುದಿಲ್ಲ, ಮರಿಯ ಹೊಟ್ಟೆಯಲ್ಲಿ ಸಿಗುತ್ತದೆ. ಯಾಕೆ?

ಹಿಮದ ನಾಡಿನಲ್ಲಿ ಕೋಳಿ ಸಂಕಟ

1971. ಫಿನ್ಲೆಂಡಿನ ಕೋಳಿ ಫಾರಂಗಳಲ್ಲಿ ಸಾಲ್ಮೊನೆಲ್ಲಾ ಇನ್ಫ್ಯಾಂಟಿಸ್ ಅನ್ನುವ ಬ್ಯಾಕ್ಟೀರಿಯಾ ಒಂದು ಹಿಂಡಿನಿಂದ ಇನ್ನೊಂದಕ್ಕೆ ಹಬ್ಬತೊಡಗಿತು. ಮೂಲ ಹುಡುಕಿದಾಗ ಸಿಕ್ಕಿದ್ದು ಕೋಳಿ ಆಹಾರ. ಆಹಾರಕ್ಕೆ ಬಳಸಿದ ಕಚ್ಚಾ ವಸ್ತುವಿನಲ್ಲೇ ಬ್ಯಾಕ್ಟೀರಿಯಾ ಸೇರಿಕೊಂಡಿತ್ತು.

ಇಲ್ಲಿ ಒಂದು ಮಾತು. ಸಾಲ್ಮೊನೆಲ್ಲಾಕ್ಕೂ ಸಾಲ್ಮನ್ ಮೀನಿಗೂ ಏನೇನೂ ಸಂಬಂಧ ಇಲ್ಲ. ಡೇನಿಯಲ್ ಸಾಲ್ಮನ್ ಅನ್ನುವ ಅಮೆರಿಕದ ಪಶುವೈದ್ಯರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ, ಅಷ್ಟೇ. ಇದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಗೆಗಳಿವೆ. ಕೆಲವು ಕೋಳಿಯನ್ನೇ ಕೊಲ್ಲುತ್ತವೆ. ಇನ್ನು ಕೆಲವು ಕೋಳಿಗೆ ಹೆಚ್ಚೇನೂ ಮಾಡದೆ, ಅದರ ಕರುಳಲ್ಲಿ ಬಾಡಿಗೆಗೆ ಇದ್ದಂತೆ ಇದ್ದು, ಆಮೇಲೆ ಮಾಂಸದ ಜೊತೆ ನಮ್ಮ ಅಡುಗೆಮನೆಗೆ ಬರುತ್ತವೆ. ಇನ್ಫ್ಯಾಂಟಿಸ್ ಈ ಎರಡನೇ ಗುಂಪಿನದು.

ಇದು ನಿಜಕ್ಕೂ ತಲೆನೋವಿನ ಗುಂಪು. ಕೋಳಿ ಜೋಲು ಮುಖ ಹಾಕಿಕೊಂಡು ಮೂಲೆಯಲ್ಲಿ ಕೂತರೆ ಸಾಕಿದವನಿಗೆ ಗೊತ್ತಾಗುತ್ತದೆ. ಆದರೆ ಚೆನ್ನಾಗಿ ತಿಂದು, ಚೆನ್ನಾಗಿ ತೂಕ ಬಂದು, ಗೆಲುವಾಗಿಯೇ ಓಡಾಡುವ ಕೋಳಿಯ ಕರುಳಿನೊಳಗೆ ಏನಿದೆ ಅಂತ ಹೇಗೆ ತಿಳಿಯಬೇಕು? ತಿಳಿಯುವುದು ಊಟ ಮಾಡಿದ ಮನೆಯವರಿಗೆ: ಜ್ವರ, ಹೊಟ್ಟೆ ನುಲಿತ, ಭೇದಿ. ಗಟ್ಟಿಮುಟ್ಟಾದವರು ಒಂದು ವಾರದಲ್ಲಿ ಸುಧಾರಿಸಿಕೊಳ್ಳಬಹುದು. ಎಳೆಮಕ್ಕಳಿಗೆ, ವಯಸ್ಸಾದವರಿಗೆ ಇದು ಆಸ್ಪತ್ರೆಯ ದಾರಿ. ಕೆಲವೊಮ್ಮೆ ಪ್ರಾಣಕ್ಕೇ ಕುತ್ತು.

ಖಾಲಿ ಹೊಟ್ಟೆಯ ಗುಟ್ಟು

ಫಾರಂ ಮರಿ ಹುಟ್ಟುವುದು ಹೇಗೆ ಅಂತ ಒಮ್ಮೆ ನೋಡೋಣ. ಹ್ಯಾಚರಿಯ ಯಂತ್ರದಲ್ಲಿ ಸಾವಿರಾರು ಮೊಟ್ಟೆಗಳು. ಸುಮಾರು ಮೂವತ್ತೇಳೂವರೆ ಡಿಗ್ರಿ ಬಿಸಿ, ಬೇಕಾದಷ್ಟೇ ತೇವ. ಮೊಟ್ಟೆ ಇಟ್ಟ ಹೇಂಟೆ ಇರುವುದು ಬೇರೆ ಊರಿನ ಬೇರೆ ಫಾರಂನಲ್ಲಿ. 21ನೇ ದಿನ ಮರಿ ಚಿಪ್ಪು ಒಡೆದು ಹೊರಬಂದಾಗ ಕಾಣುವುದು ಪ್ಲಾಸ್ಟಿಕ್ ಟ್ರೇ, ಟ್ಯೂಬ್‌ಲೈಟು, ಮತ್ತು ತನ್ನಂಥದೇ ಸಾವಿರಾರು ಮರಿ. ಆಮೇಲೆ ಪೆಟ್ಟಿಗೆ, ಲಾರಿ, ಹೊಸದಾಗಿ ಹೊಟ್ಟು ಹರಡಿದ ಶುಚಿಯಾದ ಶೆಡ್ಡು. ಹುಟ್ಟಿದಾರಭ್ಯ ದೊಡ್ಡ ಕೋಳಿಯೊಂದರ ಮುಖವನ್ನೇ ಅದು ಕಂಡಿರುವುದಿಲ್ಲ.

ಇಷ್ಟು ಸ್ವಚ್ಛ ಇದ್ದರೆ ಒಳ್ಳೆಯದೇ ಅಲ್ವಾ ಅನ್ನಿಸುತ್ತದೆ. ನುರ್ಮಿಯವರಿಗೆ ಹಾಗನ್ನಿಸಲಿಲ್ಲ.

ದಿನದ ಮರಿಗೆ ಸಾಲ್ಮೊನೆಲ್ಲಾ ಎಷ್ಟು ಬೇಗ ತಗಲುತ್ತದೆ ಅನ್ನುವುದು ಅವರಿಗಿಂತ ಮುಂಚೆಯೇ ಗೊತ್ತಿತ್ತು. ಒಂದು ದಿನದ ಮರಿಗೆ ಬೆರಳೆಣಿಕೆಯಷ್ಟು ಬ್ಯಾಕ್ಟೀರಿಯಾ ಸಾಕು, ಸೋಂಕು ಹತ್ತಿಬಿಡುತ್ತದೆ ಅಂತ 1952ರಲ್ಲೇ ಪ್ರಯೋಗಗಳು ತೋರಿಸಿದ್ದವು. ಅದೇ ಮರಿ ಕೆಲವು ವಾರ ಬೆಳೆದ ಮೇಲೆ ಎಷ್ಟೋ ಪಟ್ಟು ಹೆಚ್ಚು ಕೊಟ್ಟರೂ ಜಗ್ಗುವುದಿಲ್ಲ. ವಯಸ್ಸಿನ ಜೊತೆ ರೋಗನಿರೋಧಕ ಶಕ್ತಿ ಬೆಳೆಯುತ್ತದೆ, ಅದಕ್ಕೇ ಹೀಗೆ ಅಂತ ಸುಲಭವಾಗಿ ಹೇಳಿಬಿಡಬಹುದಿತ್ತು.

ನುರ್ಮಿ ಮತ್ತು ಅವರ ಸಹಸಂಶೋಧಕ ಎಂ. ರಂಟಲಾ ಬೇರೆ ದಿಕ್ಕಿನಲ್ಲಿ ಯೋಚಿಸಿದರು. ವಯಸ್ಸಾದ ಕೋಳಿಯ ಕರುಳಲ್ಲಿ ಇರುವುದೇನು? ಕೋಳಿಯ ಸಣ್ಣ ಕರುಳೂ ದೊಡ್ಡ ಕರುಳೂ ಸೇರುವ ಕಡೆ ಎರಡು ಉದ್ದನೆಯ ಚೀಲಗಳಿರುತ್ತವೆ. ಅದರ ತುಂಬ ಬ್ಯಾಕ್ಟೀರಿಯಾಗಳ ಜಾತ್ರೆ. ಒಂದೇ ಒಂದು ಗ್ರಾಮಿನಲ್ಲಿ ಸಾವಿರಾರು ಕೋಟಿ! ಹೆಚ್ಚಿನವು ನಿರುಪದ್ರವಿಗಳು, ಕೋಳಿಗೆ ಉಪಕಾರಿಗಳೇ. ದಿನದ ಮರಿಯ ಕರುಳಲ್ಲಿ ಏನಿದೆ? ಹೆಚ್ಚುಕಮ್ಮಿ ಏನೂ ಇಲ್ಲ.

ಮರಿ ದುರ್ಬಲ ಅಂತ ಸೋಂಕು ತಗಲುವುದಲ್ಲ, ಅದರ ಕರುಳು ಖಾಲಿ ಇದೆ ಅಂತ ತಗಲುತ್ತಿರಬಹುದೇ? ಇದು ಅವರಿಗೆ ಬಂದ ಅನುಮಾನ.

ಛೀ ಅನ್ನಿಸುವ ಪ್ರಯೋಗ

ಅನುಮಾನವನ್ನು ಪರೀಕ್ಷೆ ಮಾಡಲು ದೊಡ್ಡ ಯಂತ್ರವೇನೂ ಬೇಕಿರಲಿಲ್ಲ. ಅವರು ಆರೋಗ್ಯವಾಗಿದ್ದ ಬೆಳೆದ ಹುಂಜಗಳನ್ನು ತೆಗೆದುಕೊಂಡರು. ಕತ್ತಿನ ಬುಡದಲ್ಲಿ ಕಾಳು ಕೂಡಿಡುವ ಚೀಲ ಮತ್ತು ಕರುಳು, ಇವುಗಳ ಒಳಗಿದ್ದದ್ದನ್ನು ನೀರಿನಂತೆ ತೆಳುವಾಗಿ ಕದಡಿದರು. ಅದನ್ನು ಆಗತಾನೆ ಹುಟ್ಟಿದ ಮರಿಗಳಿಗೆ ಕುಡಿಸಿದರು. ಇನ್ನೊಂದು ಗುಂಪಿನ ಮರಿಗಳಿಗೆ ಕುಡಿಸಲಿಲ್ಲ. ಆಮೇಲೆ ಎರಡೂ ಗುಂಪಿಗೆ ಸಾಲ್ಮೊನೆಲ್ಲಾ ಇನ್ಫ್ಯಾಂಟಿಸ್ ಕೊಟ್ಟು ಕಾದರು.

ಕುಡಿಸದ ಮರಿಗಳಿಗೆ ಸೋಂಕು ಹತ್ತಿತು. ಕುಡಿಸಿದ ಮರಿಗಳಲ್ಲಿ ಹೆಚ್ಚಿನವು ಪಾರಾದವು.

ಲಸಿಕೆ ಇಲ್ಲ, ಆಂಟಿಬಯೋಟಿಕ್ ಇಲ್ಲ. ಮರಿಗೆ ಸಿಕ್ಕಿದ್ದು ಹಿರಿಯ ಕೋಳಿಯೊಂದರ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳು ಮಾತ್ರ. ಈ ಪುಟ್ಟ ವರದಿ 1973ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಎರಡು ಪುಟ, ಅಷ್ಟೇ. ಕೋಳಿ ಸಾಕಣೆಯ ವಿಜ್ಞಾನದಲ್ಲಿ ಇವತ್ತಿಗೂ ಇದನ್ನು 'ನುರ್ಮಿ ಕಾನ್ಸೆಪ್ಟ್' ಅಂತಲೇ ಕರೆಯುತ್ತಾರೆ.

ಅಜ್ಜಿಮನೆಯ ತಿಪ್ಪೆ ನೆನಪಾಯಿತಾ? ಅಲ್ಲಿ ಮರಿ ಅಮ್ಮನ ಹಿಕ್ಕೆ ಕುಕ್ಕಿದಾಗ ಆಗುತ್ತಿದ್ದದ್ದೂ ಇದೇ. ಊರಿಗೆ ಹೊರಟ ಮಕ್ಕಳಿಗೆ ಅಮ್ಮ ಬುತ್ತಿ ಕಟ್ಟಿಕೊಡುವಂತೆ, ಹೇಂಟೆಯೂ ಮರಿಗೆ ಒಂದು ಬುತ್ತಿ ಕೊಡುತ್ತಿತ್ತು. ಹ್ಯಾಚರಿಯಲ್ಲಿ ನಾವು ಕಾವು ಕೊಟ್ಟೆವು, ಆಹಾರ ಕೊಟ್ಟೆವು, ನೀರು ಕೊಟ್ಟೆವು. ಬುತ್ತಿ ಮಾತ್ರ ಮರೆತುಬಿಟ್ಟೆವು. ಅದು ಇದೆ ಅಂತ ನಮಗೆ ಗೊತ್ತೇ ಇರಲಿಲ್ಲ.

ಕಿಟಕಿಯಿಂದ ಟವೆಲ್ ಹಾಕಿದ ಹಾಗೆ

ಒಳ್ಳೆಯ ಬ್ಯಾಕ್ಟೀರಿಯಾ ಕೆಟ್ಟದ್ದನ್ನು ತಡೆಯುವುದು ಹೇಗೆ? ಇದನ್ನು ಅರ್ಥ ಮಾಡಿಕೊಳ್ಳಲು ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಹೋಗಬೇಕು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್, ಕರ್ಚೀಫು, ಬ್ಯಾಗು ಒಳಗೆ ಹಾರುತ್ತವೆ. ಬಾಗಿಲಿಂದ ಹತ್ತಿ ಬಂದವನು ನೋಡಿದರೆ ಎಲ್ಲ ಸೀಟೂ ಬುಕ್! ಎಷ್ಟೇ ಬಲಶಾಲಿಯಾದರೂ ನಿಂತೇ ಹೋಗಬೇಕು, ಇಲ್ಲಾ ಇಳಿಯಬೇಕು.

ಕರುಳಿನಲ್ಲೂ ಹೆಚ್ಚುಕಮ್ಮಿ ಹೀಗೇ. ಮೊದಲು ಬಂದ ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಗೆ ಅಂಟಿಕೊಂಡು ಜಾಗ ಹಿಡಿಯುತ್ತವೆ. ಅಲ್ಲಿ ಸಿಗುವ ಆಹಾರವನ್ನು ಹಂಚಿಕೊಂಡು ತಿಂದುಬಿಡುತ್ತವೆ. ತಿಂದ ಮೇಲೆ ಅವು ಹೊರಹಾಕುವ ಸಣ್ಣ ಕೊಬ್ಬಿನಾಮ್ಲಗಳು ಸಾಲ್ಮೊನೆಲ್ಲಾಕ್ಕೆ ಆಗಿಬರುವುದಿಲ್ಲ. ತಡವಾಗಿ ಬಂದ ಸಾಲ್ಮೊನೆಲ್ಲಾಕ್ಕೆ ಕೂರಲು ಜಾಗ ಇಲ್ಲ, ತಿನ್ನಲು ಊಟ ಇಲ್ಲ, ಉಸಿರಾಡಲು ಹಿತವಾದ ವಾತಾವರಣವೂ ಇಲ್ಲ. ಹಿಕ್ಕೆಯ ಜೊತೆ ಹೊರಟುಹೋಗುತ್ತದೆ. ವಿಜ್ಞಾನಿಗಳು ಇದಕ್ಕೆ 'ಕಾಂಪಿಟಿಟಿವ್ ಎಕ್ಸ್‌ಕ್ಲೂಷನ್' ಅನ್ನುತ್ತಾರೆ. ನಮ್ಮ ಭಾಷೆಯಲ್ಲಿ ಪೈಪೋಟಿಯಿಂದಲೇ ಹೊರದಬ್ಬುವುದು.

ಹಾಗಾದರೆ ಫಾರಂ ಮರಿಯ ಕರುಳು ಎಂದೂ ತುಂಬುವುದೇ ಇಲ್ಲವಾ? ತುಂಬುತ್ತದೆ, ಆದರೆ ನಿಧಾನವಾಗಿ, ಸಿಕ್ಕಿದ್ದರಿಂದ. ಆ ಎರಡು ಚೀಲಗಳಲ್ಲಿ ಬ್ಯಾಕ್ಟೀರಿಯಾಗಳ ಸಂಸಾರ ಸರಿಯಾಗಿ ನೆಲೆಯೂರಲು ವಾರಗಟ್ಟಲೆ ಬೇಕು. ಬ್ರಾಯ್ಲರ್ ಕೋಳಿಯ ಆಯಸ್ಸೇ ಐದಾರು ವಾರ. ಅಂದರೆ ಅದರ ಬದುಕಿನ ಬಹುಪಾಲು ಸೀಟು ಖಾಲಿ ಇರುವ ಬಸ್ಸಿನ ಹಾಗೆ. ಯಾರು ಮೊದಲು ಹತ್ತಿದರೆ ಅವರದ್ದು.

ಅಮ್ಮನಿಂದಲೇ ಬಂದ ರೋಗ

ಇಷ್ಟು ಓದಿದ ಮೇಲೆ, "ಹಾಗಾದರೆ ಹ್ಯಾಚರಿಯೇ ತಪ್ಪು, ಮರಿಗಳನ್ನು ಅಮ್ಮನ ಜೊತೆ ಬಿಟ್ಟಿದ್ದರೆ ಆಗುತ್ತಿತ್ತು" ಅನ್ನಿಸಬಹುದು. ಕತೆ ಅಷ್ಟು ಸಲೀಸಲ್ಲ.

ನುರ್ಮಿಗಿಂತ ಎಪ್ಪತ್ತು ವರ್ಷ ಹಿಂದಕ್ಕೆ ಹೋಗೋಣ. ಅಮೆರಿಕದಲ್ಲಿ ಮರಿಗಳು ಹುಟ್ಟಿದ ಕೆಲವೇ ದಿನಕ್ಕೆ ಬಿಳಿ ಭೇದಿ ಹತ್ತಿ ರಾಶಿರಾಶಿ ಸಾಯುತ್ತಿದ್ದವು. ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು 1900ರ ಹೊತ್ತಿಗೆ ಗುರುತಿಸಿದವರು ಲಿಯೋ ರೆಟ್ಗರ್. ಈಗ ನಾವು ಅದನ್ನು ಸಾಲ್ಮೊನೆಲ್ಲಾ ಪುಲ್ಲೋರಮ್ ಅನ್ನುತ್ತೇವೆ. ಮುಂದಿನ ವರ್ಷಗಳಲ್ಲಿ ತಿಳಿದುಬಂದ ಸಂಗತಿ ಇನ್ನೂ ಸಂಕಟದ್ದು. ಈ ಬ್ಯಾಕ್ಟೀರಿಯಾ ಮರಿಗೆ ಬರುತ್ತಿದ್ದದ್ದು ಅಮ್ಮನಿಂದಲೇ. ಚಿಕ್ಕಂದಿನಲ್ಲಿ ಬದುಕುಳಿದ ಹೇಂಟೆ ನೋಡಲು ಆರೋಗ್ಯವಾಗಿಯೇ ಇರುತ್ತಿತ್ತು. ಆದರೆ ಅದರ ಅಂಡಾಶಯದಲ್ಲಿ ಬ್ಯಾಕ್ಟೀರಿಯಾ ಕೂತಿರುತ್ತಿತ್ತು, ಮೊಟ್ಟೆಯ ಒಳಗೇ ಸೇರಿ ಮರಿಯ ಜೊತೆ ಹುಟ್ಟುತ್ತಿತ್ತು. ಯಂತ್ರದೊಳಗೆ ಅಂಥ ಒಂದು ಮರಿ ಚಿಪ್ಪು ಒಡೆದರೆ ಅಕ್ಕಪಕ್ಕದ ಮರಿಗಳಿಗೂ ಹಬ್ಬುತ್ತಿತ್ತು.

ಇದಕ್ಕೆ ಪರಿಹಾರ ರಕ್ತಪರೀಕ್ಷೆ. ಮರಿಗಾಗಿ ಮೊಟ್ಟೆ ಇಡುವ ಹೇಂಟೆಗಳ ರಕ್ತ ಪರೀಕ್ಷಿಸಿ, ಸೋಂಕು ಹೊತ್ತವನ್ನು ತೆಗೆದುಹಾಕುವುದು. ಇದನ್ನೇ ಮುಖ್ಯ ಗುರಿಯಾಗಿಟ್ಟುಕೊಂಡು 1935ರಲ್ಲಿ ಅಮೆರಿಕ ರಾಷ್ಟ್ರೀಯ ಕೋಳಿ ಸುಧಾರಣಾ ಯೋಜನೆ ಶುರುಮಾಡಿತು. ಹ್ಯಾಚರಿಗಳ ಕಟ್ಟುನಿಟ್ಟು, ಪರೀಕ್ಷೆ, ಶುಚಿತ್ವ ಎಲ್ಲ ಸೇರಿ ಆ ದೇಶದ ವಾಣಿಜ್ಯ ಫಾರಂಗಳಿಂದ ಈ ರೋಗ ಹೊರಟೇಹೋಯಿತು. ನಮ್ಮ ದೇಶದಲ್ಲಿ ಅದು ಇನ್ನೂ ಇದೆ.

ಅಂದರೆ ಶುಚಿತ್ವ ಸುಮ್ಮನೆ ಬಂದದ್ದಲ್ಲ. ಲಕ್ಷಾಂತರ ಮರಿಗಳ ಜೀವ ಉಳಿಸಿದೆ. ಆದರೆ ಅಮ್ಮ ಕೊಡುತ್ತಿದ್ದ ಕೆಟ್ಟದ್ದರ ಜೊತೆ ಒಳ್ಳೆಯದೂ ನಿಂತುಹೋಯಿತು. ನುರ್ಮಿಯವರ ದೊಡ್ಡತನ ಇರುವುದು ಇಲ್ಲೇ. ಅವರು ಹ್ಯಾಚರಿ ಮುಚ್ಚಿ ಅನ್ನಲಿಲ್ಲ. ಅಮ್ಮನ ಬುತ್ತಿಯಲ್ಲಿ ಒಳ್ಳೆಯದನ್ನಷ್ಟೇ ಆರಿಸಿ ಮರಿಗೆ ಮುಟ್ಟಿಸಬಹುದು ಅಂತ ತೋರಿಸಿಕೊಟ್ಟರು.

ಇನ್ನೊಂದು ಸುಲಭದ ದಾರಿ ಇತ್ತು

ಕೋಳಿಯ ಕರುಳಿನ ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಜಗತ್ತು ಅಷ್ಟರಲ್ಲೇ ಬೇರೊಂದು ದಾರಿ ಹಿಡಿದಿತ್ತು. 1950ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದ ಸ್ಟಾಕ್‌ಸ್ಟಾಡ್ ಮತ್ತು ಜೂಕ್ಸ್ ಒಂದು ಅಚ್ಚರಿಯ ಸಂಗತಿ ಪ್ರಕಟಿಸಿದರು. ಆರಿಯೋಮೈಸಿನ್ ಅನ್ನುವ ಆಂಟಿಬಯೋಟಿಕ್ ತಯಾರಿಕೆಯಲ್ಲಿ ಉಳಿದ ಪದಾರ್ಥವನ್ನು ಕೋಳಿಮರಿಗಳ ಆಹಾರಕ್ಕೆ ಸೇರಿಸಿದರೆ ಅವು ಬೇಗ ಬೆಳೆಯುತ್ತಿದ್ದವು. ಅಲ್ಲಿಂದ ಕಾಯಿಲೆ ಇಲ್ಲದ ಕೋಳಿಗೂ ದಿನಾ ಚೂರುಚೂರು ಆಂಟಿಬಯೋಟಿಕ್ ತಿನ್ನಿಸುವ ರೂಢಿ ಬಂತು. ತೂಕವೂ ಬರುತ್ತದೆ, ಕೆಲವು ಕರುಳಿನ ರೋಗಗಳೂ ತಲೆ ಎತ್ತುವುದಿಲ್ಲ. ಫಾರಂನವರಿಗೆ ಒಂದೇ ಕಲ್ಲಿಗೆ ಎರಡು ಹಕ್ಕಿ.

ಬೆಲೆ ತೆರಬೇಕಾಗಿ ಬಂದದ್ದು ಆಮೇಲೆ. ದಿನಾ ಸ್ವಲ್ಪ ಸ್ವಲ್ಪ ಔಷಧ ಕಂಡ ಬ್ಯಾಕ್ಟೀರಿಯಾಗಳಲ್ಲಿ ಔಷಧಕ್ಕೆ ಬಗ್ಗದವು ಉಳಿದು ಬೆಳೆದವು. ಸ್ವೀಡನ್ 1986ರಲ್ಲೇ ಬೆಳವಣಿಗೆಗಾಗಿ ಆಂಟಿಬಯೋಟಿಕ್ ತಿನ್ನಿಸುವುದನ್ನು ನಿಷೇಧಿಸಿತು. 2006ರ ಜನವರಿ 1ರಿಂದ ಇಡೀ ಐರೋಪ್ಯ ಒಕ್ಕೂಟದಲ್ಲೇ ನಿಂತಿತು.

ನಮ್ಮಲ್ಲಿ? ಬೇರೆ ಯಾವ ಔಷಧವೂ ಕೆಲಸ ಮಾಡದಿದ್ದಾಗ ಐಸಿಯು ವೈದ್ಯರು ಕೊನೆಯ ಅಸ್ತ್ರ ಅಂತ ಇಟ್ಟುಕೊಂಡ ಆಂಟಿಬಯೋಟಿಕ್‌ಗಳಲ್ಲಿ ಕೊಲಿಸ್ಟಿನ್ ಒಂದು. ಅದನ್ನೇ ಕೋಳಿಗಳಿಗೂ ತಿನ್ನಿಸುತ್ತಿದ್ದರು. 2015ರಲ್ಲಿ ಚೀನಾದ ವಿಜ್ಞಾನಿಗಳು ಕೊಲಿಸ್ಟಿನ್‌ಗೆ ಬಗ್ಗದಂತೆ ಮಾಡುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುವ ವಂಶವಾಹಿಯನ್ನು ಹಂದಿಗಳಲ್ಲಿ, ಮಾಂಸದಲ್ಲಿ, ರೋಗಿಗಳಲ್ಲಿ ಕಂಡರು. 2019ರ ಜುಲೈನಲ್ಲಿ ಭಾರತ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು.

ಎರಡೂ ದಾರಿಯ ವ್ಯತ್ಯಾಸ ನೋಡಿ. ಆಂಟಿಬಯೋಟಿಕ್ ದಾರಿ ಬಸ್ಸಿನಲ್ಲಿದ್ದ ಸಿಕ್ಕಸಿಕ್ಕವರನ್ನೆಲ್ಲ ಇಳಿಸುವುದು. ನುರ್ಮಿ ದಾರಿ ಒಳ್ಳೆಯ ಪ್ರಯಾಣಿಕರನ್ನು ಮೊದಲೇ ಹತ್ತಿಸಿ ಕೂರಿಸುವುದು.

ಪೊಟ್ಟಣದಲ್ಲಿ ಏನಿದೆ ಹೇಳಿ

ಫಿನ್ಲೆಂಡ್ ಈ ದಾರಿಯಲ್ಲಿ ಮುಂದೆ ನಡೆಯಿತು. ಆರೋಗ್ಯವಾದ ಬೆಳೆದ ಕೋಳಿಯ ಕರುಳಿನ ಬ್ಯಾಕ್ಟೀರಿಯಾಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಅದರಲ್ಲಿ ರೋಗಾಣು ಇಲ್ಲ ಅಂತ ಪರೀಕ್ಷಿಸಿ, ಒಣಗಿಸಿ, 1987ರಲ್ಲಿ 'ಬ್ರಾಯ್ಲಾಕ್ಟ್' ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಮೊದಮೊದಲು ಕುಡಿಯುವ ನೀರಿನಲ್ಲಿ ಕೊಡುತ್ತಿದ್ದರು. ಆಮೇಲೆ ಹ್ಯಾಚರಿಯಲ್ಲೇ ಮರಿಗಳ ಮೇಲೆ ತುಂತುರು ಸಿಂಪಡಿಸುವ ಉಪಾಯ ಬಂತು. ಮರಿ ತನ್ನ ಪುಕ್ಕವನ್ನು ತಾನೇ ಕೊಕ್ಕಿನಿಂದ ತೀಡಿಕೊಳ್ಳುವಾಗ ಬುತ್ತಿ ತಾನಾಗಿಯೇ ಹೊಟ್ಟೆ ಸೇರುತ್ತದೆ.

1995ರಲ್ಲಿ ಫಿನ್ಲೆಂಡ್ ಮತ್ತು ಸ್ವೀಡನ್ ಐರೋಪ್ಯ ಒಕ್ಕೂಟ ಸೇರಿದಾಗ ಒಂದು ವಿಶೇಷ ಮಾತು ಪಡೆದುಕೊಂಡವು: ತಮ್ಮ ದೇಶಕ್ಕೆ ಬರುವ ಕೋಳಿ ಮಾಂಸ, ಮೊಟ್ಟೆಗೆ ಸಾಲ್ಮೊನೆಲ್ಲಾ ಪರೀಕ್ಷೆ ಆಗಿರಬೇಕು. ನಮ್ಮಲ್ಲಿ ಇದು ಅಷ್ಟು ಕಡಿಮೆ ಇದೆ, ಹೊರಗಿನಿಂದ ತರಬೇಡಿ ಅನ್ನುವ ಧೈರ್ಯ ಅದು. ಈ ಸಾಧನೆ ನುರ್ಮಿ ಒಬ್ಬರದ್ದೇ ಅಲ್ಲ. ಆಹಾರದ ಪರೀಕ್ಷೆ, ಸೋಂಕಿತ ಹಿಂಡುಗಳ ಮೇಲೆ ಕಟ್ಟುನಿಟ್ಟಿನ ಕ್ರಮ, ಫಾರಂ ಬಾಗಿಲಲ್ಲೇ ಚಪ್ಪಲಿ ಬದಲಿಸುವ ಶಿಸ್ತು, ಎಲ್ಲ ಸೇರಿ ಆದದ್ದು. ಬುತ್ತಿ ಅದರಲ್ಲಿ ಒಂದು ಪಾಲು.

ಬೇರೆ ದೇಶಗಳಲ್ಲಿ ಈ ಬುತ್ತಿಗೆ ಬಾಗಿಲು ಸಲೀಸಾಗಿ ತೆರೆಯಲಿಲ್ಲ. ಔಷಧ ನಿಯಂತ್ರಣ ಮಾಡುವ ಅಧಿಕಾರಿಗಳು ಕೇಳಿದ್ದು ಒಂದೇ ಪ್ರಶ್ನೆ: "ಪೊಟ್ಟಣದಲ್ಲಿ ಏನೇನಿದೆ, ಪಟ್ಟಿ ಕೊಡಿ." ಕೊಡುವುದು ಹೇಗೆ? ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಎಷ್ಟೋ ಬಗೆಗಳಿಗೆ ಆಗ ಹೆಸರೇ ಇರಲಿಲ್ಲ. ಹಾಗಂತ ಗುರುತು ಸಿಕ್ಕ ಒಂದೋ ಎರಡೋ ಬಗೆಯನ್ನು ಮಾತ್ರ ಕೊಟ್ಟರೆ ಇಡೀ ಸಮುದಾಯ ಕೊಟ್ಟಷ್ಟು ರಕ್ಷಣೆ ಸಿಗುತ್ತಿರಲಿಲ್ಲ. ಅಧಿಕಾರಿಗಳ ಪ್ರಶ್ನೆಯೂ ಸರಿ, ವಿಜ್ಞಾನಿಗಳ ಪೇಚಾಟವೂ ನಿಜ.

ಅಮೆರಿಕದ ಕೃಷಿ ಇಲಾಖೆಯ ಟೆಕ್ಸಸ್ ಪ್ರಯೋಗಾಲಯದ ವಿಜ್ಞಾನಿಗಳು ವರ್ಷಗಟ್ಟಲೆ ಕೂತು ಗುರುತಿಸಿ ಜೋಡಿಸಿದ 29 ಬಗೆಯ ಬ್ಯಾಕ್ಟೀರಿಯಾಗಳ ಮಿಶ್ರಣಕ್ಕೆ 1998ರ ಮಾರ್ಚ್‌ನಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. 'ಪ್ರಿಎಂಪ್ಟ್' ಅಂತ ಅದರ ಹೆಸರು. ಒಂದು ಹೇಂಟೆ ತಿಪ್ಪೆ ಕೆದಕುತ್ತಾ ಪುಕ್ಕಟೆ ಕೊಡುವುದನ್ನು ಪಟ್ಟಿ ಮಾಡಿ ಕೊಡಲು ಮನುಷ್ಯನಿಗೆ ಇಷ್ಟು ಪಾಡು!

ಒಂದೇ ಒಂದು ದಿನ ಸಾಕು

ಇನ್ನೊಂದು ಪ್ರಯೋಗ ಹೇಳದಿದ್ದರೆ ಈ ಕತೆ ಪೂರ್ತಿ ಆಗುವುದಿಲ್ಲ. 2019ರಲ್ಲಿ ಜೆಕ್ ಗಣರಾಜ್ಯದ ಬ್ರನೋ ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆಯ ತಂಡ, ಆಗತಾನೆ ಹುಟ್ಟಿದ ಮರಿಗಳನ್ನು ಬೆಳೆದ ಕೋಳಿಯೊಂದರ ಜೊತೆ ಬಿಟ್ಟು ನೋಡಿತು. ಈ ಸಲ ಕುಡಿಸುವುದೂ ಇಲ್ಲ, ಸಿಂಪಡಿಸುವುದೂ ಇಲ್ಲ. ಸುಮ್ಮನೆ ಜೊತೆಗಿರುವುದು.

24 ಗಂಟೆ ಸಾಕಾಯಿತು. ಒಂದು ದಿನ ದೊಡ್ಡ ಕೋಳಿಯ ಜೊತೆ ಕಳೆದ ಮರಿಗಳ ಕರುಳಿನಲ್ಲಿ ಬೆಳೆದ ಕೋಳಿಗಳಲ್ಲಿ ಕಾಣುವ ಬ್ಯಾಕ್ಟೀರಿಯಾಗಳು ನೆಲೆಯೂರಿದ್ದವು. ಒಂಟಿಯಾಗಿ ಬೆಳೆದ ಮರಿಗಳ ಕರುಳಿನಲ್ಲಿ ಬೇರೆಯದೇ ಸಂಸಾರ.

ನಮ್ಮ ಹೊಟ್ಟೆಗೂ ಇದೇ ನ್ಯಾಯವೇ?

ಈಗ ಯಾರ ಇನ್‌ಸ್ಟಾಗ್ರಾಂ ತೆರೆದರೂ 'ಗಟ್ ಹೆಲ್ತ್' ಮಾತೇ. ಪ್ರೋಬಯೋಟಿಕ್ ಮಾತ್ರೆ, ಪಾನೀಯ, ಪುಡಿ. ನುರ್ಮಿಯವರ ಕೋಳಿಮರಿ ಇದರ ಬಗ್ಗೆ ನಮಗೆ ಎರಡು ವಿವೇಕದ ಮಾತು ಹೇಳುತ್ತದೆ.

ಮೊದಲನೆಯದು, ವಿಚಾರ ನಿಜವಾದದ್ದೇ. ಆಂಟಿಬಯೋಟಿಕ್‌ನಿಂದ ಕರುಳು ಬರಿದಾದ ಮೇಲೆ ಕ್ಲೊಸ್ಟ್ರಿಡಿಯಂ ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾ ಜಾಗ ಹಿಡಿದು ಮತ್ತೆ ಮತ್ತೆ ಭೇದಿ ಆಗುವ ರೋಗಿಗಳಿದ್ದಾರೆ. 2013ರಲ್ಲಿ ನೆದರ್ಲೆಂಡಿನ ವೈದ್ಯರು ಅಂಥವರಿಗೆ ಆರೋಗ್ಯವಂತರ ಮಲದಿಂದ ತಯಾರಿಸಿದ ದ್ರಾವಣ ಕೊಟ್ಟಾಗ, ಔಷಧ ಮಾತ್ರ ಪಡೆದವರಿಗಿಂತ ಎಷ್ಟೋ ಹೆಚ್ಚು ಜನ ಗುಣವಾದರು. ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸುವಷ್ಟು ಫಲಿತಾಂಶ ಸ್ಪಷ್ಟವಾಗಿತ್ತು. 2022ರ ನವೆಂಬರ್‌ನಲ್ಲಿ ಎಫ್‌ಡಿಎ ಈ ಬಗೆಯ ಮೊದಲ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಕೋಳಿಮರಿಯ ತರ್ಕವೇ: ಖಾಲಿ ಜಾಗ ತುಂಬಿ, ಕಳ್ಳನಿಗೆ ಎಡೆ ಇರುವುದಿಲ್ಲ.

ಎರಡನೆಯದು, ಸಮಯ ಮುಖ್ಯ, ಸಮುದಾಯ ಮುಖ್ಯ. ಮರಿಗೆ ಬುತ್ತಿ ಕೆಲಸ ಮಾಡುವುದು ಸಾಲ್ಮೊನೆಲ್ಲಾಕ್ಕಿಂತ ಮೊದಲು ತಲುಪಿದಾಗ. ರೋಗಾಣು ಹ್ಯಾಚರಿಯಲ್ಲೇ ಮರಿಯ ಹೊಟ್ಟೆ ಸೇರಿದ್ದರೆ ಬುತ್ತಿ ಸೋಲುತ್ತದೆ. ಬುತ್ತಿ ಕೊಟ್ಟ ಮೇಲೆ ಆಂಟಿಬಯೋಟಿಕ್ ಕೊಟ್ಟರೆ ಕೂತವರನ್ನು ನಾವೇ ಎಬ್ಬಿಸಿದಂತೆ. ಆಗಲೇ ತುಂಬಿದ ನಮ್ಮ ಕರುಳಿಗೆ ಒಂದೇ ಬಗೆಯ ಬ್ಯಾಕ್ಟೀರಿಯಾದ ಮಾತ್ರೆ ನುಂಗಿ ಪವಾಡ ಬಯಸಿದರೆ, ಫುಲ್ ಬಸ್ಸಿಗೆ ಟವೆಲ್ ಎಸೆದ ಹಾಗಾಗುತ್ತದೆ. ಮಜ್ಜಿಗೆ, ಮೊಸರನ್ನ ಬಿಡಬೇಡಿ. ಆದರೆ ಜಾಹೀರಾತನ್ನು ಪೂರ್ತಿ ನಂಬಲೂ ಬೇಡಿ.

ಇನ್ನು ಕೋಳಿ ಸಾಕುವ ಓದುಗರಿಗೆ ಒಂದು ಮಾತು. ಇದನ್ನು ಓದಿ ಪಕ್ಕದ ಮನೆ ಕೋಳಿಯ ಹಿಕ್ಕೆ ಕಲಸಿ ಮರಿಗೆ ಕುಡಿಸಲು ಹೋಗಬೇಡಿ. ರೆಟ್ಗರ್ ಕಂಡ ಬ್ಯಾಕ್ಟೀರಿಯಾ ಹೊತ್ತ ಕೋಳಿ ನೋಡಲು ಗುಂಡುಕಲ್ಲಿನ ಹಾಗೇ ಇರುತ್ತದೆ ಅನ್ನುವುದು ನೆನಪಿರಲಿ. ನುರ್ಮಿ ದಾರಿಯ ಜೀವಾಳವೇ ಪರೀಕ್ಷೆ. ನಿಮ್ಮ ಪಶುವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಭಾನುವಾರದ ಅಡುಗೆಮನೆ

ಕೋಳಿ ತಿನ್ನುವ ನಾವು? ಫಾರಂನಲ್ಲಿ ಏನಾಗುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಆದರೆ ಸಿಂಕು ನಮ್ಮ ಕೈಯಲ್ಲೇ ಇದೆ.

ತಂದ ಹಸಿ ಮಾಂಸವನ್ನು ನಲ್ಲಿಯ ಕೆಳಗೆ ಜೋರು ನೀರು ಬಿಟ್ಟು ತೊಳೆಯುವುದು ನಮ್ಮ ಅಭ್ಯಾಸ. ಬ್ಯಾಕ್ಟೀರಿಯಾ ಅದರಿಂದ ಹೋಗುವುದಿಲ್ಲ. ಹನಿಹನಿಯಾಗಿ ಸಿಂಕು, ಕಟ್ಟೆ, ಪಕ್ಕದಲ್ಲಿ ಒಣಗಲು ಇಟ್ಟ ತಟ್ಟೆಗಳ ಮೇಲೆ ಹಾರುತ್ತದೆ. ತೊಳೆಯಲೇಬೇಕು ಅನ್ನಿಸಿದರೆ ಪಾತ್ರೆಯಲ್ಲಿ ನೀರು ತುಂಬಿ, ಮೆಲ್ಲಗೆ ಅದ್ದಿ ತೆಗೆಯಿರಿ. ಆಮೇಲೆ ಸಿಂಕನ್ನೂ ಕೈಯನ್ನೂ ಸೋಪು ಹಾಕಿ ತೊಳೆಯಿರಿ.

ಮಾಂಸದ ಒಳಭಾಗ 74 ಡಿಗ್ರಿ ಮುಟ್ಟಿದರೆ ಸಾಲ್ಮೊನೆಲ್ಲಾ ಉಳಿಯುವುದಿಲ್ಲ. ತಳಮಳ ಕುದ್ದ ನಮ್ಮ ಕೋಳಿಸಾರಿನಲ್ಲಿ ಹೆದರಿಕೆ ಇಲ್ಲ. ನಿಜವಾದ ಅಪಾಯ ಸಾರಿನ ಪಕ್ಕದಲ್ಲಿರುವ ಸೌತೆಕಾಯಿ, ಈರುಳ್ಳಿಯದ್ದು. ಕೋಳಿ ಕತ್ತರಿಸಿದ ಮಣೆ, ಚಾಕುವಿನಲ್ಲೇ ಅದನ್ನೂ ಹೆಚ್ಚಿದರೆ, ಸಾರಿನಲ್ಲಿ ಸತ್ತದ್ದು ಕೋಸಂಬರಿಯಲ್ಲಿ ಜೀವಂತ ಬರುತ್ತದೆ. ಮಣೆ ಬೇರೆ ಇರಲಿ. ಫ್ರಿಜ್ಜಿನಲ್ಲಿ ಹಸಿ ಮಾಂಸ ಕೆಳಗಿನ ತಟ್ಟಿನಲ್ಲಿರಲಿ, ಮುಚ್ಚಿರಲಿ, ಹಾಲು ಹಣ್ಣಿನ ಮೇಲೆ ತೊಟ್ಟಿಕ್ಕದಿರಲಿ.

ಮುಂದಿನ ಸಲ ಊರಿಗೆ ಹೋದಾಗ, ಹಿತ್ತಲಲ್ಲಿ ಹೇಂಟೆ ಮರಿಗಳನ್ನು ಕರೆದುಕೊಂಡು ತಿಪ್ಪೆ ಹತ್ತಿದರೆ ಒಂದು ನಿಮಿಷ ನಿಂತು ನೋಡಿ. ನಿಮ್ಮ ಮಗು "ಛೀ" ಅಂದರೆ ಗದರಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ, ಅಮ್ಮ ಮರಿಗೆ ಬುತ್ತಿ ಕೊಡ್ತಾ ಇದೆ ಅಂತ. ಹೇಳಿ ಆದ ಮೇಲೆ ಇಬ್ಬರೂ ಕೈ ತೊಳೆದುಕೊಂಡೇ ಊಟಕ್ಕೆ ಕೂತುಕೊಳ್ಳಿ.